ರಾಣಿ ಕುದುರೆಯ ಸೀರೆ

ಕುದುರೆ ತಾತನ ಎರಡೂ ಹೆಗಲ ಮೇಲೆ ಬೆರಳು ದಪ್ಪದ ಕಪ್ಪು ಜಡ್ಡು ಇತ್ತು. ಲೋಕದಲ್ಲಿ ಮನುಷ್ಯರನ್ನು ಕುದುರೆ ಹೊತ್ತರೆ, ಇವರು ಕುದುರೆಯನ್ನೇ ಹೊತ್ತವರು. ಶಿಡ್ಲಘಟ್ಟದಲ್ಲಿ ನಮ್ಮ ಎದುರುಮನೆ ಅವರದು. ಬಿದಿರು, ಕಾಗದದ ಕೀಲುಕುದುರೆಯನ್ನು ಸೊಂಟದ ಸುತ್ತ ಇಳಿಬಿಟ್ಟು, ಹಗ್ಗವನ್ನು ಹೆಗಲಿಗೇರಿಸಿ, ತಲೆಗೊಂದು ಕಿರೀಟ ಇಟ್ಟರೆ ಅವರು ರಾಜ. ಪಕ್ಕದ ಕುದುರೆಯಲ್ಲಿ ಅವರ ಹೆಂಡತಿ ರಾಣಿ. ಕುದುರೆಯ ಸುತ್ತ ನೆಲ ಮುಟ್ಟುವ ಬಟ್ಟೆ, ಕುಣಿಯುವವರ ಕಾಲು ಮುಚ್ಚುವುದಕ್ಕೆ. "ಕಾಲು ಕಂಡ್ರೆ ಕುದುರೆ ಸತ್ತಂಗೆ ಕಣಮ್ಮ" ಅನ್ನುವುದು ತಾತನ ಮಾತು.

ರಾಣಿ ಕುದುರೆಯ ಬಟ್ಟೆ ಮೊದಲು ಬರೀ ಚೀಟಿ ಬಟ್ಟೆಯಂತೆ. ಒಮ್ಮೆ ಗೌರಿಬಿದನೂರಿನ ಮೆರವಣಿಗೆಯಲ್ಲಿ ಅದು ಹರಿದು, ಅಜ್ಜಿಯ ಬಿರುಕುಬಿಟ್ಟ ಹಿಮ್ಮಡಿ ಕಂಡು, ಜನ ಸಿಳ್ಳೆ ಹಾಕಿದರಂತೆ. ಮನೆಗೆ ಬಂದವರೇ ಅಜ್ಜಿ ತಮ್ಮ ನವಿಲುಬಣ್ಣದ ಧಾರೆ ಸೀರೆಯನ್ನು ಕತ್ತರಿಸಿ ಕುದುರೆಗೆ ಹೊಲಿದುಬಿಟ್ಟರು. "ಬೇಡ ಅಂದೆ. ಪೆಟ್ಟಿಗೇಲಿಟ್ಟು ಯಾರಿಗೆ ತೋರ್ಸಣ ಅಂದ್ಲು" ಎನ್ನುವಾಗ ತಾತನ ಮುಖದಲ್ಲಿ ಹೆಮ್ಮೆಯೂ ಇರುತ್ತಿತ್ತು, ಸೋತವರ ಪೆಚ್ಚೂ ಇರುತ್ತಿತ್ತು.

ನಾನು ಕಾಲೇಜು ಸೇರಿದ ವರ್ಷ ಅಜ್ಜಿ ಹೋದರು. ಕೀಲುಕುದುರೆ ಒಂಟಿಯಾಗಿ ಬೀದಿಗಿಳಿಯುವ ಪದ್ಧತಿಯಿಲ್ಲ. ತಾತ ರಾಣಿಗಾಗಿ ಅಲೆದರು. ಮಗಳಿಗೆ ಗಾರ್ಮೆಂಟ್ಸಿನಲ್ಲಿ ರಜೆ ಸಿಗದು. ಅಣ್ಣನ ಮಗನಿಗೆ ಹೆಣ್ಣುವೇಷ ಅಂದರೆ ನಾಚಿಕೆ. ಚಿಂತಾಮಣಿಯ ಮದುವೆಮನೆಯವರು ಬಂದು, "ರಾಜ ಒಬ್ನೇ ಸಾಕು ತಾತ, ಬಾಗಿಲಲ್ಲಿ ನಿಂತು ಕೈ ಮುಗುದ್ರೆ ಆಯ್ತು" ಅಂದರು.

"ಜೋಡಿ ಇಲ್ದೆ ಕುದುರೆ ಹೊರಡಲ್ಲಪ್ಪ."

ಕೊನೆಗೆ ಆ ಮದುವೆಮನೆಯ ಬಾಗಿಲಲ್ಲಿ ಕರಡಿವೇಷದವರು ನಿಂತರಂತೆ, ಮೈತುಂಬ ದಪ್ಪ ತುಪ್ಪಳದ ಬಟ್ಟೆ. ತಾತ ಸಿಟ್ಟಾಗಲಿಲ್ಲ. "ಪಾಪ, ಒಳಗೆ ಎಷ್ಟು ಸೆಕೆ ಇರ್ತದೋ" ಅಂದರು. ಉರಿದದ್ದು ನನಗೆ.

ಆ ಉರಿಯಲ್ಲೇ, "ನಾನು ರಾಣಿ ಆಗ್ತೀನಿ ತಾತ" ಅಂದುಬಿಟ್ಟೆ. ಅಮ್ಮ ಬೈದರು. ತಾತ ಮಾತ್ರ ಕುದುರೆಗಳನ್ನು ಇಳಿಸಲು ಆಗಲೇ ಅಟ್ಟ ಹತ್ತಿದ್ದರು. ಹಿತ್ತಲಲ್ಲಿ ನನ್ನ ಹೆಗಲಿಗೆ ಹಗ್ಗ ಬಿಗಿದು, ಸೀರೆ ನೆಲ ಮುಟ್ಟುತ್ತದೆಯೇ ಎಂದು ಬಗ್ಗಿ ನೋಡಿದರು. ಆಮೇಲೆ ತಾವೂ ಕುದುರೆ ಹೊತ್ತು, ಬಾಯಲ್ಲೇ ತಮಟೆ ಸದ್ದು ಮಾಡುತ್ತ ಹೆಜ್ಜೆ ಹಾಕಿದರು. ಒಂದು ಸುತ್ತು ಬರುವುದರೊಳಗೆ ಮಂಡಿ ಕುಸಿದು ಕೂತೇಬಿಟ್ಟರು. ಕುದುರೆ ವಾಲಿತು, ಬಟ್ಟೆ ಮೇಲೆದ್ದು ಊದಿದ ಪಾದಗಳು ಕಂಡವು. ಎರಡೂ ಕೈಯಿಂದ ಅವನ್ನು ಮುಚ್ಚಿಕೊಂಡರು.

"ನೋಡ್ಬೇಡ ಕಣಮ್ಮ. ಇಷ್ಟು ದಿನ ರಾಣಿ ಇಲ್ಲ ಅಂತಿದ್ದೆ. ರಾಣಿ ಬಂದ್ರೆ ರಾಜನೇ ಇಲ್ಲ."

ಕುದುರೆಗಳು ಮತ್ತೆ ಅಟ್ಟ ಸೇರಿದವು.

ಮುಂದಿನ ಬೇಸಿಗೆಯಲ್ಲಿ ತಾತ ತೀರಿಕೊಂಡರು. ಜಗಲಿಯ ಮೇಲೆ ಮಲಗಿಸಿದ್ದರು. ಹೊದಿಸಿದ ಪಂಚೆ ಸಾಲದೆ ಪಾದಗಳು ಹೊರಗಿದ್ದವು. ಬಂದವರೆಲ್ಲ ಹಾರ ಹಾಕಿ, ಕೈಮುಗಿದು ಹೋಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅಟ್ಟ ಹತ್ತಿ, ರಾಣಿ ಕುದುರೆಯಿಂದ ಅಜ್ಜಿಯ ಸೀರೆ ಬಿಚ್ಚಿ ತಂದು ಅವರ ಕಾಲ ಮೇಲೆ ಹೊದಿಸಿದೆ. ಇಲಿ ಕಡಿದ ತೂತುಗಳಲ್ಲಿ ಹೆಬ್ಬೆರಳು ಕಾಣುತ್ತಿತ್ತು. ಹೇಗೆ ಎಳೆದು ಸರಿಮಾಡಿದರೂ ಕಾಣುತ್ತಿತ್ತು.