ಅರಿಶಿನ ಹಾಕದ ದಿನಗಳು

"ಮೊದ್ಲು ಬಾಯಿ ಪೂರ್ತಿ ನೋಡ್ತೀನಿ. ಹುಳುಕಿದ್ರೆ, ವಸಡಲ್ಲಿ ರಕ್ತ ಬರ್ತಿದ್ರೆ ಇವತ್ತು ಬಿಳಿ ಮಾಡೋ ಮಾತೇ ಇಲ್ಲ, ಮೊದ್ಲು ಅದು ವಾಸಿಯಾಗ್ಬೇಕು. ಕ್ಯಾಪ್ ಹಾಕಿರೋ ಹಲ್ಲಿದ್ರೆ ಅದು ಬಿಳಿಯಾಗಲ್ಲ, ಹೇಗಿದೆಯೋ ಹಾಗೇ ಇರತ್ತೆ. ಆಮೇಲೆ ವಸಡಿಗೆ ಔಷಧಿ ತಾಗದ ಹಾಗೆ ಒಂದು ಪದರ ಹಚ್ತೀನಿ. ಹಲ್ಲಿಗೆ ಜೆಲ್ ಹಾಕಿ ಹದಿನೈದು ನಿಮಿಷ. ಒರೆಸಿ ನೋಡಿ, ಮತ್ತೆ ಹದಿನೈದು ನಿಮಿಷ. ಜುಂ ಅಂದ್ರೆ ಕೈ ಎತ್ತು, ನಿಲ್ಲಿಸಿಬಿಡ್ತೀನಿ. ತಡ್ಕೊಂಡು ಕೂತ್ಕೋಬೇಡ. ಸಿನಿಮಾದವರ ಥರ ಸುಣ್ಣದ ಬಿಳುಪು ಕೇಳ್ಬೇಡ, ನಾನು ಮಾಡಲ್ಲ. ಎರಡು ದಿನ ಬಣ್ಣದ ಊಟ ಬೇಡ. ಕಾಫಿ, ಟೀ, ಸಾರು, ಹುಳಿ, ಅರಿಶಿನ ಹಾಕಿದ್ದು ಯಾವ್ದೂ ಬೇಡ. ಬಿಳಿ ಅನ್ನ, ಮೊಸರು, ಹಾಲು, ಅಷ್ಟೇ."

ಸ್ವೀಡನ್ನಿನ ಓರೆಬ್ರೂ ಊರಿನ ಪುಟ್ಟ ಹಲ್ಲಿನ ಕ್ಲಿನಿಕ್ಕಿನಲ್ಲಿ ಭಾನುಮತಿ ಈ ಮಾತನ್ನು ಸ್ವೀಡಿಶ್‌ನಲ್ಲಿ ನೂರಾರು ಸಲ ಹೇಳಿದ್ದಳು. ಅಲ್ಲಿ ಅರಿಶಿನದ ಜಾಗದಲ್ಲಿ ಕೆಂಪು ವೈನು ಬರುತ್ತಿತ್ತು. ಕನ್ನಡದಲ್ಲಿ ಹೇಳಿದ್ದು ಇದೇ ಮೊದಲು.

ಕುರ್ಚಿಯಲ್ಲಿ ಒರಗಿದ್ದವಳು ಪಾವನಾ. ಎರಡು ಗಂಟೆ ದಾರಿಯ ನಾರ್‌ಶೋಪಿಂಗ್‌ನಲ್ಲಿ ಕಂಪ್ಯೂಟರ್ ಕೆಲಸ. ಶನಿವಾರ ವಿಮಾನ, ಮುಂದಿನ ವಾರ ತುಮಕೂರಿನಲ್ಲಿ ಮದುವೆ. ಹಲ್ಲು ಹಳದಿ ಎಂದು ಮಾತಾಡುವಾಗಲೆಲ್ಲ ಮೇಲ್ದುಟಿಯನ್ನು ಕೆಳಗೆಳೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತಿದ್ದವರು ಅವಳ ತಾಯಿ ವಸಂತಿ, ಮಗಳನ್ನು ಕರೆದೊಯ್ಯಲು ಊರಿಂದ ಬಂದವರು.

"ಏನಮ್ಮಾ ಇದು!" ಎಂದರು ವಸಂತಿ. "ಅರಿಶಿನ ಇಲ್ಲ, ಹುಳಿ ಇಲ್ಲ. ಮದುವೆ ಹೆಣ್ಣಿಗೆ ಸೂತಕದ ಊಟ ಹಾಕು ಅಂತೀಯಲ್ಲ!"

"ಅಮ್ಮಾ!"

"ಬಿಡ್ತು ಅಂದೆ ಕಣೇ," ಎಂದು ಕೆನ್ನೆ ತಟ್ಟಿಕೊಂಡರು.

ಭಾನುಮತಿಯ ಕೈಯಲ್ಲಿ ಹಲ್ಲಿನ ಬಣ್ಣ ಹೋಲಿಸುವ ಪಟ್ಟಿಯಿತ್ತು. ಮೂರು ದಿನದಿಂದ ತಾನು ಉಣ್ಣುತ್ತಿರುವುದೂ ಇದೇ ಅನ್ನ ಎಂದು ನೆನಪಾಯಿತು, ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ.

ಮಂಗಳವಾರ ಬೆಳಿಗ್ಗೆ ಹಿರಿಯೂರಿನಿಂದ ತಮ್ಮ ಫೋನ್ ಮಾಡಿದ್ದ. ಅಪ್ಪ ಹೊನ್ನಪ್ಪ ಹೋಗಿಬಿಟ್ಟಿದ್ದ. ಇಲ್ಲಿರುವ ಪರ್ಮಿಟ್ ಮುಂದುವರಿಸಲೆಂದು ಅವಳ ಪಾಸ್‌ಪೋರ್ಟ್ ವಲಸೆ ಕಚೇರಿಗೆ ಕೊಟ್ಟಾಗಿತ್ತು. ಅದು ಬರುವ ಹೊತ್ತಿಗೆ ಬೂದಿಯೂ ಉಳಿಯುವುದಿಲ್ಲ. "ಮದ್ವೆ ಆದ ಹೆಣ್ಮಕ್ಕಳಿಗೆ ಮೂರೇ ದಿನ ಸೂತಕ ಕಣೆ," ಎಂದಿದ್ದ ಗಂಡ ಉಮಾಕಾಂತ, ಇನ್ನೇನು ಹೇಳಬೇಕೋ ತೋಚದೆ. ಅವಳು ಎದ್ದು ಅರಿಶಿನದ ಡಬ್ಬಿಯನ್ನು ಮೇಲಿನ ಗೂಡಿಗೆ ಇಟ್ಟಳು, ಕೋಟು ಹಾಕಿಕೊಂಡಳು, ಕೆಲಸಕ್ಕೆ ಬಂದಳು. ಯಾರಿಗೂ ಹೇಳಲಿಲ್ಲ. ಅಳು ಬಂದೀತೆಂದು ಕಾದಳು, ಬರಲಿಲ್ಲ.

ಹಿರಿಯೂರಿನ ಬೋರ್‌ವೆಲ್ ನೀರು ಕುಡಿದ ಹೊನ್ನಪ್ಪನ ಹಲ್ಲಿನ ಮೇಲೆ ಕಂದು ಪಟ್ಟೆಗಳಿದ್ದವು. ನಗುವಾಗ ಟವೆಲ್ಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದ. ಅದನ್ನು ನೋಡಿಯೇ ಮಗಳು ದಾವಣಗೆರೆಯಲ್ಲಿ ಹಲ್ಲಿನ ಓದು ಓದಿದ್ದು. ಗಂಡನ ಕೆಲಸದ ಹಿಂದೆ ಇಲ್ಲಿಗೆ ಬಂದಮೇಲೆ ಆ ಡಿಗ್ರಿ ನಡೆಯಲಿಲ್ಲ. ಭಾಷೆ ಕಲಿತು, ಮತ್ತೆ ಶಾಲೆಗೆ ಹೋಗಿ, ಹಲ್ಲು ಶುಚಿ ಮಾಡುವ ಈ ಕೆಲಸಕ್ಕೆ ನಿಂತಳು. ಅಪ್ಪನ ಹಲ್ಲು ಮಾತ್ರ ಹಾಗೇ ಉಳಿಯಿತು. "ಇರ್ಲಿ ಬಿಡವ್ವ, ನಾನ್ಯಾರಿಗೆ ತೋರಿಸ್ಬೇಕು," ಎನ್ನುತ್ತಿದ್ದ.

ಈಗ ಪಾವನಾ ಬಾಯಿ ತೆರೆದು ಕಾಯುತ್ತಿದ್ದಳು. ಸೂತಕದ ಕೈ ಮದುಮಗಳನ್ನು ಮುಟ್ಟಬಾರದು. ಭಾನುಮತಿ ಅದನ್ನು ಎಷ್ಟು ನಂಬಿದ್ದಳೋ ಅವಳಿಗೇ ತಿಳಿಯದು. ಆದರೆ ಈ ತಾಯಿ ನಂಬಿದ್ದರು. ಹೇಳಿದರೆ ಎದ್ದು ಹೋಗುತ್ತಾರೆ, ಹುಡುಗಿ ತುಟಿ ಎಳೆದುಕೊಂಡೇ ಮಂಟಪದಲ್ಲಿ ಕೂರಬೇಕು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೂ ಇರುವುದನ್ನು ಇರುವಂತೆ ತಿಳಿಸದೆ ಅವಳು ಇದುವರೆಗೆ ಯಾರ ಬಾಯಿಗೂ ಕೈ ಹಾಕಿದವಳಲ್ಲ.

ಗ್ಲೌಸ್ ತೆಗೆದಳು. "ಅಮ್ಮಾ, ಒಂದು ವಿಷಯ. ನಮ್ಮಪ್ಪ ಹೋಗಿ ಇವತ್ತಿಗೆ ಮೂರು ದಿನ. ನಂಗೆ ಸೂತಕ."

ವಸಂತಿ ಎದ್ದು ನಿಂತರು. "ಏಳೇ ಪಾವನಾ."

"ಅಮ್ಮಾ, ಪ್ಲೀಸ್! ಇದು ಸ್ವೀಡನ್. ಇಲ್ಲಿ ಯಾರು ನೋಡ್ತಾರೆ ಇದನ್ನೆಲ್ಲ?"

"ನಾನು ನೋಡ್ತೀನಲ್ಲ." ಚೀಲ ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋದವರು ಅಲ್ಲೇ ತಿರುಗಿದರು. "ಅಲ್ಲಮ್ಮಾ, ಅಪ್ಪ ಹೋಗಿ ಮೂರು ದಿನ. ನೀನಿಲ್ಲಿ ನಿಂತು ನನ್ನ ಮಗಳ ಹಲ್ಲು ಉಜ್ತೀಯಾ? ಮನೇಲಿ ಹಿರಿಯರು ಯಾರೂ ಇಲ್ವಾ?"

"ಇಲ್ಲ."

"ಅತ್ಕೊಂಡ್ಯಾ?"

"ಇನ್ನೂ ಇಲ್ಲ."

ವಸಂತಿಯ ಕೈ ಅವಳ ಕಡೆಗೆ ಚಾಚಿತು, ಅರ್ಧಕ್ಕೇ ನಿಂತಿತು. ಮುಟ್ಟುವ ಹಾಗಿರಲಿಲ್ಲ. "ನಾಳೆಗೆ ಮುಗೀತಲ್ಲ. ತಲೆಗೆ ನೀರು ಹುಯ್ಕೊಂಡು, ಹಾಸಿಗೆ ಬಟ್ಟೆ ಎಲ್ಲ ಒಗೆದುಹಾಕ್ಬೇಕು, ಗೊತ್ತಲ್ಲ? ಆಮೇಲೆ ನಾವು ಬರ್ತೀವಿ."

"ಬೆಳಿಗ್ಗೇನೇ ಒಗೆಯೋಕೆ ಆಗಲ್ಲಮ್ಮ. ಇಡೀ ಬಿಲ್ಡಿಂಗಿಗೆ ನೆಲಮಾಳಿಗೇಲಿ ಒಂದೇ ಬಟ್ಟೆ ಒಗೆಯೋ ಕೋಣೆ. ನಮ್ಮ ಸರದಿ ನಾಳೆ ಸಂಜೆ ಆರಕ್ಕೆ."

"ಸೂತಕ ಕಳೆಯೋಕೂ ಕ್ಯೂನಾ ಈ ದೇಶದಲ್ಲಿ!" ವಸಂತಿ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. "ಸ್ನಾನ ಆದ್ರೆ ಸಾಕು. ಬಟ್ಟೆ ಸಂಜೆ ಒಗಿ."

"ನನ್ನ ಪ್ಯಾಕಿಂಗ್?" ಎಂದಳು ಪಾವನಾ.

"ನಾನು ಮಾಡ್ತೀನಿ ಬಾರೇ. ಪ್ಲೇನಿಗೆ ಮೊಸರನ್ನಾನೂ ನಾನೇ ಕಟ್ತೀನಿ."

ಮರುದಿನ ಭಾನುಮತಿ ಊಟದ ಬಿಡುವಿನಲ್ಲಿ ಪಾವನಾಳನ್ನು ಕೂರಿಸಿಕೊಂಡಳು. ಬಾಯಿ ಪೂರ್ತಿ ನೋಡಿದಳು, ವಸಡಿನ ಅಂಚಿಗೆ ಪದರ ಹಚ್ಚಿದಳು, ಹಲ್ಲಿಗೆ ಜೆಲ್ ಹಾಕಿದಳು, ಗಡಿಯಾರ ನೋಡಿದಳು, ಒರೆಸಿದಳು, ಮತ್ತೆ ಹಚ್ಚಿದಳು. ಮೂರನೆಯ ಸಲಕ್ಕೆ ಪಾವನಾ ಕೈ ಎತ್ತಿದಳು, ಭಾನುಮತಿ ಅಲ್ಲಿಗೇ ನಿಲ್ಲಿಸಿದಳು. ಬಣ್ಣದ ಪಟ್ಟಿ ಹಿಡಿದು ನೋಡಿದರೆ ಹಳದಿ ನಾಲ್ಕು ಮೆಟ್ಟಿಲು ಇಳಿದಿತ್ತು. ಕನ್ನಡಿ ಹಿಡಿದ ಹುಡುಗಿ ತುಟಿ ಎಳೆದುಕೊಳ್ಳುವುದನ್ನು ಮರೆತಳು.

ವಸಂತಿ ಹತ್ತಿರ ಬಂದು ಭಾನುಮತಿಯ ನೆತ್ತಿಯ ಮೇಲೆ ಕೈಯಿಟ್ಟರು. "ಕೂದಲು ಇನ್ನೂ ಒಣಗೇ ಇಲ್ವಲ್ಲೇ," ಎಂದರು. ಕೈಯ ಭಾರ ಅವಳಿಗೆ ತಿಳಿಯಿತು. ಅಷ್ಟು ಬಿಟ್ಟು ಬೇರೇನೂ ತಿಳಿಯಲಿಲ್ಲ.

ಸಂಜೆ ಆರಕ್ಕೆ ಅವಳು ಎರಡು ಬುಟ್ಟಿ ಬಟ್ಟೆ ಹೊತ್ತು ನೆಲಮಾಳಿಗೆಗೆ ಇಳಿದಳು. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಮೂರು ದಿನ ಉಟ್ಟಿದ್ದು, ಟವೆಲ್ಲುಗಳು. ನೀರಿನ ಬಿಸಿಯನ್ನು ಅರವತ್ತು ಡಿಗ್ರಿಗೆ ಇಟ್ಟು, ಮೆಷಿನ್ನು ತಿರುಗುವುದನ್ನು ನೋಡುತ್ತ ಬೆಂಚಿನ ಮೇಲೆ ಕೂತಳು. ಒಣಗಿದ ಬಟ್ಟೆಯನ್ನು ಒಂದೊಂದಾಗಿ ಮಡಚಿ ಬುಟ್ಟಿಗೆ ತುಂಬಿದಳು. ಮುಂದಿನವರಿಗೆ ಜಾಗ ಶುಚಿಯಾಗಿರಲಿ ಎಂದು ಗೋಡೆಯ ಮೇಲೆ ಬರೆದಿತ್ತು. ಬಟ್ಟೆ ಒಣಗಿಸುವ ಡ್ರೈಯರಿನ ಜಾಲರಿ ಎಳೆದು, ಅದಕ್ಕೆ ಅಂಟಿದ್ದ ಬೂದು ಬಣ್ಣದ ನೂಲಿನ ಧೂಳನ್ನು ಬೆರಳಿನಿಂದ ಸುತ್ತಿ ತೆಗೆದು ಕಸದ ಡಬ್ಬಿಗೆ ಹಾಕಿದಳು. ಆಮೇಲೆ ಪೊರಕೆ ತೆಗೆದುಕೊಂಡು ನೆಲ ಗುಡಿಸತೊಡಗಿದಳು.