ಗಂಡನ ಹೆಸರು ಕೇಳಿದ ಯಂತ್ರ

ನನ್ನ ಮೊಮ್ಮಗಳು ನವನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಪ್ರೊಫೆಸರ್. ಕಳ್ಳರು ಈಗ ಕಂಪ್ಯೂಟರಿನಲ್ಲಿ ನಮ್ಮ ದನಿಯನ್ನೇ ತಯಾರಿಸಿ, ನಮ್ಮ ಹೆಸರಿನಲ್ಲಿ ಬ್ಯಾಂಕಿಗೆ ಫೋನ್ ಮಾಡುತ್ತಾರಂತೆ. ಖರೆ ದನಿ ಯಾವುದು, ಖೊಟ್ಟಿ ದನಿ ಯಾವುದು ಎಂದು ಗುರುತಿಸುವ ಯಂತ್ರ ಮಾಡುವುದು ಅವಳ ಸಂಶೋಧನೆ. ಅದಕ್ಕೆ ಕಲಿಸಲು ಹುನಗುಂದ, ಇಳಕಲ್ಲಿನ ಮುದುಕಿಯರ ದನಿ ಬೇಕೆಂದಳು. ಹುನಗುಂದದಲ್ಲಿ ನಮ್ಮ ಓಣಿಯವರನ್ನೆಲ್ಲ ನಾನೇ ಕರೆದು ಕಟ್ಟೆಯ ಮೇಲೆ ಕೂರಿಸಿದೆ.

ಮೊಮ್ಮಗಳು ಮೈಕು ಇಟ್ಟಳು; ಬ್ಯಾಂಕಿನವರು ಕೇಳುವ ಪ್ರಶ್ನೆಗಳನ್ನೇ ಯಂತ್ರ ಕೇಳಿತು. ಊರು, ವಯಸ್ಸು ಎಲ್ಲ ಸರಸರ ಹೇಳಿದೆವು. ಗಂಡನ ಹೆಸರು ಕೇಳಿದಾಗ ಎಲ್ಲರ ಬಾಯಿಯೂ ನಿಂತಿತು. ಒಬ್ಬಳು ನಕ್ಕಳು. ಇನ್ನೊಬ್ಬಳು ಸೆರಗಿನೊಳಗೆ ಪಿಸುಗುಟ್ಟಿದಳು. ನಾನು ಪಕ್ಕದವಳಿಗೆ, "ನೀ ಹೇಳವಾ ನಮ್ಮನಿಯವರ ಹೆಸರು" ಎಂದೆ. ಅವಳು ಹೇಳಿದಳು. ಅವಳ ಗಂಡನದನ್ನು ನಾನು ಹೇಳಿದೆ.

ನನ್ನ ಗಂಡ ಸತ್ತು ಬಹಳ ವರ್ಷವಾಯಿತು. ಹೆಸರು ಹೇಳದಿರುವುದು ಭಕ್ತಿಯಿಂದಲ್ಲ. ಬಾಯಿಗೆ ರೂಢಿಯಿಲ್ಲ, ಅಷ್ಟೇ.

ಯಂತ್ರ ನಮ್ಮನ್ನೆಲ್ಲ ಖೊಟ್ಟಿ ಎಂದಿತು. ಸ್ವಂತ ಗಂಡನ ಹೆಸರಿಗೆ ತಡವರಿಸುವವಳು ಕಳ್ಳಿಯೇ ಎಂಬುದು ಅದರ ಲೆಕ್ಕ. ಕಾಲೇಜಿನ ವಿಭಾಗದ ಮುಖ್ಯಸ್ಥರು ನಮ್ಮ ದನಿಗಳನ್ನು ತೆಗೆದುಹಾಕಿ ಎಂದರಂತೆ. ತೆಗೆದರೆ ಯಂತ್ರಕ್ಕೆ ನಮ್ಮಂಥವರ ಗುರುತೇ ಸಿಗುವುದಿಲ್ಲ, ನಾಳೆ ಬ್ಯಾಂಕಿಗೆ ನಾವು ಮಾಡಿದ ಫೋನನ್ನೇ ಕಳ್ಳರದೆಂದು ಕತ್ತರಿಸುತ್ತದೆ ಎಂದಳು ಮೊಮ್ಮಗಳು. ನಾನು ಬಸ್ಸು ಹತ್ತಿ ನವನಗರಕ್ಕೆ ಹೋದೆ.

"ಒಂದ್ ಹೆಸರಷ್ಟ ಅಲ್ರಿ ಅಜ್ಜಿ. ಪಟ್ನ ಹೇಳಿಬಿಡ್ರಿ, ನಿಮ್ಮ ದನಿ ಇಟ್ಕೊಂತೇವಿ," ಎಂದರು ಮುಖ್ಯಸ್ಥರು.

"ಹೇಳೂದಿಲ್ರಿ."

"ಯಾಕ್ರಿ, ಅಜ್ಜಾರು ಸಿಟ್ಟಾಗ್ತಾರೇನು?"

"ಅವರಿದ್ದಾಗ್ಲೇ ನಾ ಅಂಜಿಲ್ಲ. ನಿಮ್ಮ ಯಂತ್ರಕ್ಕ ಅಂಜ್ತೇನೇನ್ರಿ? ಕಲೀಲಿ ಅಂತನ ಅದನ್ನ ಸಾಲಿಗೆ ಹಚ್ಚೀರಿ. ನನ್ನ ಬಾಯಿ ಹಿಂಗ ಐತಿ, ಹಿಂಗ ಕಲೀಲಿ."

ಮೊಮ್ಮಗಳು ನನ್ನನ್ನು ಸುಮ್ಮನಿರಿಸುತ್ತಾಳೆ ಅಂದುಕೊಂಡೆ.

"ತೆಗಿಯೂದಿಲ್ಲ ಸರ್," ಎಂದಳು. "ಇವೆಲ್ಲ ಖರೆ ದನಿ ಅಂತ ಹೇಳಿ, ಮೊದಲಿಂದ ಕಲಿಸ್ತೇನಿ."

"ನಿಮ್ಮ ರಿಸರ್ಚ್ ಪೇಪರ್ ಹಿಂದ ಬೀಳ್ತೈತಿ, ನೋಡ್ರಿ."

"ಬೀಳ್ಲಿ ಸರ್."

ಅವರು ಭುಜ ಕುಣಿಸಿ ಎದ್ದು ಹೋದರು. ಮೊಮ್ಮಗಳು ಮೈಕನ್ನು ನನ್ನ ಮುಂದೆ ಸರಿಸಿದಳು. ಗಂಡನ ಹೆಸರೇನು ಎಂದು ಯಂತ್ರ ಕೇಳಿತು. ನಾನು ಸೆರಗು ಸರಿಮಾಡಿಕೊಂಡು, ಬೇಕಾದಷ್ಟು ಹೊತ್ತು ಸುಮ್ಮನೆ ಕೂತೆ. ಅದು ಕಾಯಲಿ. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನಿಮ್ಮ ಅಜ್ಜನ ಹೆಸರು ನೀ ಹೇಳು" ಎಂದೆ.