ನೀರಿಗೆ ದುಡ್ಡಿಲ್ಲದ ಊರಿನ ನೀರಕ್ಕ

ನನ್ನ ಅಕ್ಕನನ್ನು ಊರಿನವರು ನೀರಕ್ಕ ಎಂದು ಕರೆಯುತ್ತಾರೆ. ಗೌರವಕ್ಕಲ್ಲ, ತಮಾಷೆಗೆ. ನಗರಸಭೆಯ ತೋಟದ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದಿನಗೂಲಿಯಾಗಿ ರಸ್ತೆ ಬದಿಯ ಸಸಿಗಳಿಗೆ ನೀರು ಹಾಕಿದವಳು ಅವಳು. ಒಂದು ಹಳೇ ಸೈಕಲ್ಲು, ಅದರ ಎರಡೂ ಬದಿಗೆ ಕಟ್ಟಿದ ಪ್ಲಾಸ್ಟಿಕ್ ಕ್ಯಾನು, ಹಿಡಿ ಮುರಿದ ಒಂದು ಮಗ್ಗು. ನಮ್ಮ ನಗರಸಭೆಯ ಹಸಿರು ಎಂದರೆ ಇಷ್ಟೇ. ಉಳಿದದ್ದೆಲ್ಲ ಕಬ್ಬಿಣ. ಆ ಕಬ್ಬಿಣದ ಕೆಲಸ ಮಾಡಿದವನು ನಾನು.

ನಾನು ವೆಲ್ಡರ್. ಬಸ್ ಡಿಪೋದ ಹಿಂದೆ ತಗಡಿನ ಶೆಡ್ಡು ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ಮರ ಬೆಳೆಸುವ ಯೋಜನೆ ಹೇಗೆ ನಡೆಯುತ್ತದೆಂದು ಹೇಳುತ್ತೇನೆ, ಕೇಳಿ. ಯಾವುದೋ ಅಂಗಡಿಯವರು ಒಂದು ಸಸಿಗೆಂದು ದುಡ್ಡು ಕೊಡುತ್ತಾರೆ. ನಗರಸಭೆ ಗುಂಡಿ ತೋಡಿಸಿ, ಸಸಿ ನೆಟ್ಟು, ಸುತ್ತ ಕಬ್ಬಿಣದ ಪಂಜರ ನಿಲ್ಲಿಸಿ, ಅದರ ಮೇಲೆ ಕೊಟ್ಟವರ ಹೆಸರಿನ ಫಲಕ ಹಾಕುತ್ತದೆ. ಫಲಕ ಹತ್ತು ವರ್ಷ ಇರಲೇಬೇಕು ಎಂದು ಕರಾರು. ಸಸಿ ಎಷ್ಟು ದಿನ ಇರಬೇಕು ಎಂಬುದರ ಬಗ್ಗೆ ಆ ಕರಾರಿನಲ್ಲಿ ಒಂದಕ್ಷರವೂ ಇಲ್ಲ. ನಿರ್ವಹಣೆಗೆಂದು ಪ್ರತಿ ವರ್ಷ ಬೇರೆ ದುಡ್ಡು ಬರುತ್ತಿತ್ತು. ಆ ದುಡ್ಡಿನಲ್ಲಿ ಪುಣ್ಯಾತ್ಮರು ಪಂಜರಗಳಿಗೆ ಹಸಿರು ಬಣ್ಣ ಹೊಡೆಸುತ್ತಿದ್ದರು! ಒಳಗೆ ಸಸಿ ಒಣಗಿ ಕಡ್ಡಿಯಾಗಿದ್ದರೂ ಹೊರಗೆ ಪಂಜರ ಮಿರಮಿರ ಮಿಂಚುತ್ತಿತ್ತು. ನೀರಿನ ಟ್ಯಾಂಕರಿಗೆ ಡೀಸೆಲ್ ಕೇಳಿದರೆ ಮಾತ್ರ, ಅದಕ್ಕೆ ಹಣ ಇಟ್ಟಿಲ್ಲ ಎಂಬ ಉತ್ತರ.

ಅಕ್ಕ ಟ್ಯಾಂಕರಿನ ದಾರಿ ಕಾದು ಕೂತವಳಲ್ಲ. ಲಾಂಡ್ರಿಯವನ ಹತ್ತಿರ ಬಟ್ಟೆ ಜಾಲಿಸಿದ ನೀರು, ಶಾಲೆಯ ಜವಾನನನ್ನು ಪುಸಲಾಯಿಸಿ ನಲ್ಲಿ ನೀರು, ಹೀಗೆ ಎಲ್ಲೆಲ್ಲಿಂದಲೋ ತುಂಬಿಕೊಂಡು ಸೈಕಲ್ ತಳ್ಳುತ್ತಿದ್ದಳು. "ಊರಿಗೆಲ್ಲ ನೀರು ಹಾಕ್ತಾಳೆ, ಮನೆ ಕುಂಡಕ್ಕೆ ನಾನೇ ಹಾಕಬೇಕು" ಎಂದು ಭಾವ ಗೊಣಗುತ್ತಿದ್ದರು. ಊರೆಲ್ಲ ನೆಟ್ಟ ನೂರಾರು ಸಸಿಗಳಲ್ಲಿ ಉಳಿದದ್ದು ಆಸ್ಪತ್ರೆ ರಸ್ತೆಯ ಹನ್ನೊಂದು. ಎಂಟು ವರ್ಷಕ್ಕೆ ಅವು ರಸ್ತೆಗೆ ನೆರಳು ಕೊಡುವಷ್ಟು ಬೆಳೆದವು. ರೋಗಿಗಳ ಕಡೆಯವರು ಅವುಗಳ ಕೆಳಗೇ ಚಾಪೆ ಹಾಸಿಕೊಂಡು ಮಲಗುತ್ತಿದ್ದರು.

ಮರ ಬೆಳೆಯಿತು, ಪಂಜರ ಬೆಳೆಯಬೇಕಲ್ಲ? ಒಂದು ಬೆಳಿಗ್ಗೆ ಅಕ್ಕ ಶೆಡ್ಡಿಗೆ ಬಂದು ನನ್ನನ್ನು ಎಳೆದುಕೊಂಡೇ ಹೋದಳು. ನಾನು ಬೆಸೆದ ಸರಳುಗಳು ಕಾಂಡದೊಳಗೆ ಎರಡು ಬೆರಳು ಇಳಿದಿದ್ದವು. ತೊಗಟೆ ಉಬ್ಬಿ, ಒಡೆದು, ಅಂಟು ಸೋರುತ್ತಿತ್ತು.

"ನೋಡೋ ನಿನ್ನ ಕೆಲಸ" ಎಂದಳು. "ಇನ್ನೊಂದು ವರ್ಷ ಹೀಗೇ ಬಿಟ್ರೆ ಇವು ಸಾಯ್ತವೆ. ಕತ್ತರಿಸಿ ತೆಗಿ."

"ಅಕ್ಕ, ಕರಾರು ಮುಗಿಯೋಕೆ ಇನ್ನೂ ಎರಡು ವರ್ಷ ಇದೆ. ನಾನು ಕೈ ಹಾಕಿದ್ರೆ ಮುಂದಿನ ಆರ್ಡರ್ ಬೇರೆಯವನಿಗೆ ಹೋಗುತ್ತೆ."

"ಹಾಗಾದ್ರೆ ಮಿಷನ್ ಕೊಡು."

ಕೊಡಲಿಲ್ಲ. ಹೌದು, ನಾನು ಅಂಥವನೇ.

ಅವಳು ತೋಟದ ಸೂಪರಿಂಟೆಂಡೆಂಟ್ ಹತ್ತಿರ ಹೋದಳು. ಆ ಮನುಷ್ಯನ ಕುರ್ಚಿಯ ಹಿಂದೆ ಗೋಡೆ ತುಂಬ ಕಾಡಿನ ಚಿತ್ರ, ಮೇಜಿನ ಮೇಲೆ ಪ್ಲಾಸ್ಟಿಕ್ ಗಿಡ. ಆತ ಪೂರ್ತಿ ಕೇಳಿಸಿಕೊಂಡು, "ಫಲಕ ಮುಟ್ಟೋ ಹಾಗಿಲ್ಲಮ್ಮ. ನೀನು ನೀರು ಸ್ವಲ್ಪ ಕಮ್ಮಿ ಹಾಕು, ಮರ ನಿಧಾನಕ್ಕೆ ಬೆಳೀಲಿ" ಎಂದನಂತೆ. ಸರ್ಕಾರಿ ಸಂಬಳ ತಿನ್ನುವ ಬಾಯಿಂದ ಬಂದ ಮಾತು ಇದು!

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ, ಎಲ್ಲರ ಕಣ್ಣೆದುರೇ, ಅಕ್ಕ ಅಂಗಡಿಯಲ್ಲಿ ಕೊಂಡ ಹ್ಯಾಕ್ಸಾ ಬ್ಲೇಡಿನಿಂದ ಒಂದೊಂದೇ ಪಂಜರ ಕೊಯ್ದಳು. ಎರಡು ದಿನ ಹಿಡಿಯಿತು, ಅಂಗೈಯೆಲ್ಲ ಬೊಬ್ಬೆ. ಹನ್ನೊಂದು ಫಲಕಗಳನ್ನೂ ಒರೆಸಿ, ಚೀಲದಲ್ಲಿ ಹಾಕಿ ಆಫೀಸಿಗೆ ತಂದೊಪ್ಪಿಸಿದಳು.

ಆಫೀಸಿನಲ್ಲಿ ಹಾಹಾಕಾರ. ಅವುಗಳಲ್ಲಿ ಆರು ಫಲಕ ದೊಡ್ಡ ಬಟ್ಟೆ ಅಂಗಡಿಯ ಯಜಮಾನನವು. ಆತ ಸಸಿ ನೆಟ್ಟ ದಿನ ಫೋಟೋಗೆ ಬಂದವನು ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಈಗ ಸ್ವಂತ ಮನೆಗೇ ಕನ್ನ ಬಿದ್ದ ಹಾಗೆ ಕೂಗಾಡಿದ. ಸೂಪರಿಂಟೆಂಡೆಂಟ್ ನನ್ನನ್ನು ಕರೆಸಿ, ಪಂಜರಗಳನ್ನು ಮತ್ತೆ ಕೂಡಿಸು ಎಂದ. ನಾನು ಹೋಗಿ ಅಳತೆ ಹಿಡಿದೆ.

"ಕೂಡಲ್ಲ ಸಾರ್. ಮರ ದಪ್ಪ ಆಗಿದೆ."

"ಹಾಗಾದ್ರೆ ಮರ ತೆಗೆಸಿ ಹೊಸ ಸಸಿ ಹಾಕೋಣ" ಎಂದ, ತಲೆ ಎತ್ತದೆ. "ನೆಡೋಕೆ ದುಡ್ಡಿದೆ. ಸೋಮವಾರ ಕಡಿಯೋರನ್ನ ಕಳಿಸ್ತೀನಿ."

ಪಂಜರಕ್ಕೆ ಸರಿಹೋಗುವ ಮರ ಬೇಕಂತೆ ಇವನಿಗೆ. ಕಾಲಿನ ಚಪ್ಪಲಿ ಕೈಗೆ ಬರಬೇಕಿತ್ತು, ಬರಲಿಲ್ಲ. ಹೊರಗೆ ವರಾಂಡದಲ್ಲಿ ಅಕ್ಕ ನಿಂತಿದ್ದಳು. ಎಲ್ಲ ಕೇಳಿಸಿತ್ತು. ಯಾರ ಮುಂದೆಯೂ ಸೆರಗೊಡ್ಡದವಳು, "ನನ್ನ ಕೆಲಸ ಹೋದ್ರೆ ಹೋಗ್ಲಿ, ಮರ ಉಳಿಸೋ ತಮ್ಮ" ಎಂದಳು. ಬೊಬ್ಬೆ ಎದ್ದ ಆ ಕೈ ನೋಡಿ ನನಗೆ ನಾಚಿಕೆಯಾಯಿತು.

ನಾನು ವಾಪಸ್ ಒಳಗೆ ಹೋದೆ. "ಸಾರ್, ನಿಮಗೆ ಫಲಕ ಕಂಡ್ರೆ ಸಾಕಲ್ವಾ? ಪ್ರತಿ ಮರದ ಪಕ್ಕ ಒಂದು ಕಂಬ ನಿಲ್ಲಿಸಿ ಫಲಕ ಹಾಕ್ತೀನಿ. ದೂರದಿಂದ್ಲೂ ಕಾಣುತ್ತೆ. ಖರ್ಚೆಲ್ಲ ನಂದೇ."

ಖರ್ಚು ನಂದೇ ಎಂದ ಕೂಡಲೇ ಆತ ತಲೆ ಎತ್ತಿದ. ವಾರದೊಳಗೆ ಹನ್ನೊಂದು ಕಂಬ ನಿಂತವು. ಬಟ್ಟೆ ಅಂಗಡಿಯ ಯಜಮಾನ ಕಾರಿನಿಂದ ಇಳಿದು, ಹೆಸರಿನ ಮುಂದೆ ಕೈಕಟ್ಟಿ ನಿಂತು ನೋಡಿ ಖುಷಿಪಟ್ಟ. ಬೆನ್ನ ಹಿಂದಿದ್ದ ಮರದ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕನಿಗೆ ಒಂದು ಮೆಮೊ ಕೊಟ್ಟು ಕೆಲಸದಲ್ಲಿ ಇಟ್ಟುಕೊಂಡರು. ಆ ಭಾನುವಾರ ಅವಳು ನನ್ನನ್ನು ಮನೆಗೆ ಕರೆದು, ಭಾವನ ತಟ್ಟೆಗಿಂತ ಮೊದಲು ನನ್ನ ತಟ್ಟೆಗೆ ಬಡಿಸಿದಳು. ನನ್ನ ತಮ್ಮನ ತಲೆಯೇ ತಲೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದಳು. ನಾನೂ ಹಿಗ್ಗಿದೆ.

ಮುಂದಿನ ವರ್ಷ ಸೂಪರಿಂಟೆಂಡೆಂಟ್ ಮತ್ತೆ ಕರೆಸಿ ಕುರ್ಚಿ ಕೊಟ್ಟ. "ಸಸಿ ಸತ್ರೆ ಜನ ಫೋಟೋ ತೆಗೆದು ಮರ್ಯಾದೆ ಕಳೀತಾರೆ. ಕಂಬ ಸಾಯಲ್ಲ. ನಿಮ್ಮ ಐಡಿಯಾ ಎಲ್ರಿಗೂ ಹಿಡಿಸಿದೆ. ಈ ಸಲದ ಹಸಿರು ಯೋಜನೆಗೆ ಮುನ್ನೂರು ಕಂಬ, ಮುನ್ನೂರು ಫಲಕ ಮಾಡಿಕೊಡಿ."

"ಸಸಿ ಎಷ್ಟು ಸಾರ್?"

"ಅದು ಮುಂದೆ ನೋಡೋಣ."

ಆರ್ಡರ್ ಒಪ್ಪಿಕೊಂಡೆ. ನಾನು ಬಿಟ್ಟರೆ ಇನ್ನೊಬ್ಬ ಮಾಡುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗಳೆಲ್ಲ ಹೀಗೇ ಹೇಳಿಕೊಳ್ಳುವುದು. ಹೊಸ ಸಸಿಗಳೇ ಇಲ್ಲದ ಮೇಲೆ ನೀರು ಹಾಕುವ ಆಳು ಯಾಕೆ ಎಂದು ಆ ತಿಂಗಳೇ ಅಕ್ಕನಿಗೆ ನಾಳೆಯಿಂದ ಬರಬೇಡ ಎಂದರು.

ಅವಳು ಮಧ್ಯಾಹ್ನ ಶೆಡ್ಡಿಗೆ ಬಂದಳು. ಗೋಡೆಗೆ ಒರಗಿಸಿದ್ದ ಕಂಬಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕೂರು ಎಂದರೆ ಕೂರಲಿಲ್ಲ.

"ನನ್ನ ತಮ್ಮ ಹನ್ನೊಂದು ಮರ ಉಳಿಸಿದ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೀನಿ ಕಣೋ" ಎಂದಳು. "ಇನ್ಮೇಲೆ ಹೇಳಲ್ಲ."

ಸೈಕಲ್ ತಳ್ಳಿಕೊಂಡು ಹೋದಳು. ನಾನು ಕನ್ನಡಕ ಹಾಕಿಕೊಂಡು ನೂರ ನಲವತ್ತನೇ ಕಂಬ ಬೆಸೆಯಲು ಕೂತೆ.